ಇಂಜುರಿಯೋ ಡ್ಯಾಮೇಜೋ? ಅರ್ಜಿ ತುಂಬುವವರಿಗೂ ಪರೀಕ್ಷೆ ಬರೆಯುವವರಿಗೂ

ಕಲಬುರಗಿಯಲ್ಲಿ ಕೋರ್ಟಿನ ಸಮೀಪ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಸಂಜೆ ಆರರ ಮೇಲೆ ಅದೇ ಅಂಗಡಿಯಲ್ಲಿ ನಾಲ್ಕು ಕುರ್ಚಿ ಹಾಕಿ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೂರು ಥರದ ಜನ ನನ್ನ ಹತ್ತಿರ ಒಂದೇ ಪ್ರಶ್ನೆ ತರುತ್ತಾರೆ. ಅಪಘಾತದ ಕ್ಲೇಮ್ ಅರ್ಜಿ ಹಿಡಿದು ಬರುವವರು ಮೊದಲನೆಯವರು. ಆಳಂದ ರಸ್ತೆಯ ಕೃಷಿ ಕಾಲೇಜಿನಲ್ಲಿ ಓದುವವರು ಎರಡನೆಯವರು. ಮೂರನೆಯವರು ಎಲ್‌ಎಲ್‌ಬಿ ಹುಡುಗರು. "ಇಂಜುರಿಗೂ ಡ್ಯಾಮೇಜಿಗೂ ಫರಕ್ ಏನ್ರಿ ಸರ್? ಡಿಕ್ಷನರಿಯೊಳಗ ಎರಡಕ್ಕೂ ಹಾನಿ ಅಂತಾನೇ ಅದ."

ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಡುತ್ತಿದ್ದೇನೆ. ಮೂವರಿಗೂ ಬೇಕಾದ ಉತ್ತರದ ಬೇರು ಒಂದೇ. ಆದರೆ ಅರ್ಜಿ ತುಂಬುವವರು 1, 2, 3, 5, 6, 8ನೇ ಹಂತ ಓದಿದರೆ ಸಾಕು. ಕೃಷಿಯವರೂ ಬೆಳೆ ವಿಮೆಯ ಅರ್ಜಿಯವರೂ 4ನೆಯದನ್ನು, ಕಾನೂನಿನವರು 7ನೆಯದನ್ನು ಬಿಡಬೇಡಿ.

ಬೇಕಾಗುವುದು ಇಷ್ಟೇ: ನಿಮ್ಮ ಅರ್ಜಿ ಅಥವಾ ನೋಟ್ಸು, ಒಂದು ಪೆನ್ಸಿಲ್ಲು, ನಡೆದ ಸಂಗತಿಯನ್ನು ಮನೆಮಾತಿನಲ್ಲಿ ಹೇಳುವಷ್ಟು ಪುರುಸೊತ್ತು. ಡಿಕ್ಷನರಿ ಸದ್ಯಕ್ಕೆ ಮುಚ್ಚಿಡಿ. ಗಲಿಬಿಲಿಯ ಮೂಲವೇ ಅದರ "ಹಾನಿ" ಅನ್ನುವ ಒಂದು ಪದ.

ಹಂತ 1: ಮೊದಲು ಮನೆಮಾತಿನಲ್ಲಿ ಹೇಳಿ

ನಡೆದದ್ದನ್ನು ಅಮ್ಮನಿಗೋ ಅಣ್ಣನಿಗೋ ಫೋನಿನಲ್ಲಿ ಹೇಳುವ ಹಾಗೆ ಜೋರಾಗಿ ಹೇಳಿ. "ಅಪ್ಪಗ ಮೊಣಕಾಲಿಗೆ ಪೆಟ್ಟಾಗ್ಯಾದ. ಗಾಡಿ ಭಾಳ ಲುಕ್ಸಾನ ಆಗ್ಯಾದ." ಕೇಳಿಸಿತಲ್ಲ? ಅಪ್ಪನಿಗೆ ಲುಕ್ಸಾನ ಆಯಿತು ಅಂತ ನೀವು ಅನ್ನಲಿಲ್ಲ, ಗಾಡಿಗೆ ಪೆಟ್ಟಿನ ನೋವು ಹಚ್ಚಲಿಲ್ಲ. ಇಂಗ್ಲಿಷಿನವರು ಇಂಜುರಿ, ಡ್ಯಾಮೇಜ್ ಅಂತ ಬೇರೆ ಮಾಡುವುದನ್ನು ನಮ್ಮ ಭಾಗದವರ ಬಾಯಿ ಆಗಲೇ ಬೇರೆ ಮಾಡಿಟ್ಟಿದೆ. ಪೆಟ್ಟು, ಏಟು, ಗಾಯ ಅಂತ ಬಂದರೆ ಪೆನ್ಸಿಲಿನಲ್ಲಿ "ಇಂ" ಅಂತ ಗುರುತು ಹಾಕಿ. ಲುಕ್ಸಾನ, ಖರಾಬ್, ನಷ್ಟ ಅಂತ ಬಂದರೆ "ಡ್ಯಾ" ಅಂತ ಹಾಕಿ.

ಇಲ್ಲಿ ಒಂದು ಗುಂಡಿ ಇದೆ, ಅದು ಜಖಂ ಅನ್ನುವ ಪದ. ಉರ್ದುವಿನ ಮೂಲದಲ್ಲಿ ಅದಕ್ಕೆ ಮೈಮೇಲಿನ ಗಾಯ ಅನ್ನುವುದೇ ಅರ್ಥ, ದಖ್ಖನಿ ಮಾತಾಡುವ ನೆರೆಮನೆಯವರು "ಜಖಮ್ ಹುವಾ" ಅಂದರೆ ಚರ್ಮ ಹರಿದಿದೆ ಅಂತಲೇ ತಿಳಿಯಬೇಕು. ಕನ್ನಡ ಪತ್ರಿಕೆಗಳಿಗೆ ಬರುವಷ್ಟರಲ್ಲಿ ಅದೇ ಪದ ಮೈ ಬಿಟ್ಟು ವಾಹನ ಹತ್ತಿತು: "ಲಾರಿ ಡಿಕ್ಕಿ, ಕಾರು ಜಖಂ." ಹಾಗಾಗಿ ಕಲಬುರಗಿ, ಬೀದರ್, ಯಾದಗಿರಿ ಕಡೆಯವರ ಕಿವಿಗೆ ಈ ಒಂದು ಪದ ಎರಡೂ ಕಡೆ ಎಳೆಯುತ್ತದೆ. ನಿಮ್ಮ ವಾಕ್ಯದಲ್ಲಿ ಜಖಂ ಬಂದಿದ್ದರೆ ಅದನ್ನು ತೆಗೆದು ಪೆಟ್ಟು ಅಥವಾ ಲುಕ್ಸಾನ ಹಾಕಿ ಇನ್ನೊಮ್ಮೆ ಹೇಳಿ ನೋಡಿ.

ಹಂತ 2: ಪೆಟ್ಟು ತಿಂದದ್ದಕ್ಕೆ ಜೀವ ಇದೆಯೇ?

ಶಾಲೆಯಲ್ಲಿ ಹೇಳಿಕೊಡುವ ಸೂತ್ರ ಇದು: ಜೀವ ಇದ್ದದ್ದಕ್ಕೆ ಇಂಜುರಿ, ಜೀವ ಇಲ್ಲದ್ದಕ್ಕೆ ಡ್ಯಾಮೇಜ್. ಹತ್ತರಲ್ಲಿ ಏಳೆಂಟು ಅರ್ಜಿಗೆ ಇಷ್ಟು ಸಾಕು.

ಶಹಾಬಾದಿನ ಪರಸಿ ಕಲ್ಲಿನ ಪಾಲಿಶ್ ಘಟಕವನ್ನೇ ತೆಗೆದುಕೊಳ್ಳಿ. ಇಬ್ಬರು ಹಿಡಿದೆತ್ತಿದ ಕಲ್ಲು ಒಬ್ಬನ ಕೈ ಜಾರಿ ಇನ್ನೊಬ್ಬನ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಪ್ಪಾಯಿತು, ಕಲ್ಲಿನ ಮೂಲೆ ಚಕ್ಕೆ ಎದ್ದಿತು. ಬೆರಳಿನದು ಇಂಜುರಿ, ಮೂಲೆಯದು ಡ್ಯಾಮೇಜ್. ಕೆಲಸದ ವೇಳೆ ಪೆಟ್ಟಾದ ಕಾರ್ಮಿಕರಿಗೆ 2025ರವರೆಗೆ ಪರಿಹಾರ ಕೊಡಿಸುತ್ತಿದ್ದ 1923ರ ನೌಕರರ ಪರಿಹಾರ ಕಾಯ್ದೆಯೂ "ಪರ್ಸನಲ್ ಇಂಜುರಿ" ಅಂತಲೇ ಬರೆಯುತ್ತಿತ್ತು. ಕಲ್ಲಿನ ಲೆಕ್ಕ ಮಾಲೀಕನ ಪುಸ್ತಕಕ್ಕೆ ಸೇರಿದ್ದು.

ಎಚ್ಚರಿಕೆ: ದನ, ಎಮ್ಮೆ, ನಾಯಿಗಳಿಗೂ ಇಂಜುರಿಯೇ. "ದಿ ಬಫೆಲೋ ವಾಸ್ ಡ್ಯಾಮೇಜ್ಡ್" ಅಂತ ಬರೆದರೆ ಎಮ್ಮೆ ಪೆಟ್ಟಿಗೆಯಲ್ಲಿ ಬಂದ ಸಾಮಾನಿನ ಹಾಗೆ ಕೇಳುತ್ತದೆ.

ನಾನೇ ಒಮ್ಮೆ ಎಡವಿದ್ದನ್ನೂ ಹೇಳಿಬಿಡುತ್ತೇನೆ. ಅಂಗಡಿ ಇಟ್ಟ ಹೊಸದರಲ್ಲಿ ಪಕ್ಕದವರ ಬೈಕಿನ ಕ್ಲೇಮ್ ಪತ್ರದಲ್ಲಿ "ವೆಹಿಕಲ್ ಇಂಜುರಿ" ಅಂತ ಟೈಪ್ ಮಾಡಿದ್ದೆ. ಸವಾರರ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಬಗ್ಗೆ ವೈದ್ಯರು ಕೊಡುವ ಪ್ರಮಾಣಪತ್ರ, ಲಗತ್ತಿಸಿ ಅಂತ ವಿಮಾ ಕಂಪನಿಯಿಂದ ಪತ್ರ ವಾಪಸ್ ಬಂತು. ಸವಾರನಿಗೆ ಒಂದು ಗೀರೂ ಆಗಿರಲಿಲ್ಲ. ಅದನ್ನು ಸರಿಪಡಿಸಲು ಮೂರು ವಾರ ಹೋಯಿತು.

ಹಂತ 3: ಸೂತ್ರ ಕೈಕೊಡುವ ಕಡೆ ಇನ್ನೊಂದು ಪ್ರಶ್ನೆ ಕೇಳಿ

ಹಾಗಾದರೆ "ಲಿವರ್ ಡ್ಯಾಮೇಜ್" ಯಾಕೆ? ಲಿವರ್‌ಗೆ ಜೀವ ಇಲ್ಲವೇ? ನರದ ಡಾಕ್ಟರು "ನರ್ವ್ ಡ್ಯಾಮೇಜ್" ಅಂತ ಬರೆದುಕೊಡುತ್ತಾರಲ್ಲ?

ಶಾಲೆಯ ಸೂತ್ರ ಅರ್ಧ ದಾರಿಗೆ ಕೈಬಿಡುವುದು ಇಲ್ಲಿಯೇ. ಮುಂದಿನ ದಾರಿಗೆ ಪದಗಳ ಹುಟ್ಟು ನೋಡಬೇಕು. ಎರಡೂ ಲ್ಯಾಟಿನ್‌ನಿಂದ ಬಂದವು. ಇಂಜುರಿಯ ಒಳಗೆ ಇರುವುದು "ಯೂಸ್" ಅನ್ನುವ ಪದ, ಅಂದರೆ ನ್ಯಾಯ, ಹಕ್ಕು. ಅದಕ್ಕೆ ಮೊದಲು ಅಂಟಿದ "ಇನ್" ನಮ್ಮ "ಅನ್ಯಾಯ"ದ "ಅನ್" ಮಾಡುವ ಕೆಲಸವನ್ನೇ ಮಾಡುತ್ತದೆ. ಅಂದರೆ ಇಂಜುರಿ ಮೂಲದಲ್ಲಿ ಒಬ್ಬರ ಮೇಲೆ ಬಿದ್ದ ಅನ್ಯಾಯದ ಏಟು. ಡ್ಯಾಮೇಜ್ ಬಂದದ್ದು "ಡ್ಯಾಮ್ನಮ್" ಅನ್ನುವುದರಿಂದ, ಅದರ ಅರ್ಥ ನಷ್ಟ. ಒಂದು ಬಿದ್ದ ಏಟಿನ ಹೆಸರು, ಇನ್ನೊಂದು ಆ ಏಟಿನಿಂದ ಕೈಬಿಟ್ಟು ಹೋದದ್ದರ ಹೆಸರು.

ಆದ್ದರಿಂದ ಗೊಂದಲವಾದಾಗ ಕೇಳಬೇಕಾದ ಪ್ರಶ್ನೆ: ನಾನು ಬಿದ್ದ ಏಟನ್ನು ಹೇಳುತ್ತಿದ್ದೇನೋ, ಕಳೆದುಹೋದದ್ದನ್ನೋ?

ಕುಡಿದು ಕುಡಿದು ಕೆಟ್ಟ ಲಿವರ್‌ಗೆ ಯಾರೂ ಗುದ್ದಿಲ್ಲ. ಅದು ಮಾಡಬೇಕಾದ ಕೆಲಸ ಮಾಡುತ್ತಿಲ್ಲ, ಶಕ್ತಿ ಹೋಗಿದೆ. ಅದಕ್ಕೇ ಮಾತಿನಲ್ಲಿ ಡ್ಯಾಮೇಜ್. ತಲೆಯ ವಿಷಯದಲ್ಲಂತೂ ಎರಡೂ ಬಳಕೆಯಲ್ಲಿವೆ. ಹುಮನಾಬಾದ್ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದವನಿಗೆ ಆ ರಾತ್ರಿ ಆದದ್ದು "ಹೆಡ್ ಇಂಜುರಿ". ಆರು ತಿಂಗಳಾದರೂ ಮಾತು ತೊದಲುತ್ತಿದೆ, ಹೆಸರು ನೆನಪಾಗುತ್ತಿಲ್ಲ ಅಂದರೆ ಅದನ್ನು "ಬ್ರೇನ್ ಡ್ಯಾಮೇಜ್" ಅನ್ನುತ್ತಾರೆ. ಪೆಟ್ಟು ಬಿದ್ದರೂ ಪೂರ್ತಿ ಗುಣವಾಗಿ ಎದ್ದು ಬಂದವರು ಎಷ್ಟೋ ಮಂದಿ. ಅವರಿಗೆ ಇಂಜುರಿ ಆಗಿತ್ತು, ಡ್ಯಾಮೇಜ್ ಉಳಿಯಲಿಲ್ಲ.

ಅರ್ಜಿಯಲ್ಲಿ ಮಾತ್ರ ನೀವೇ ಡಾಕ್ಟರ್ ಆಗಲು ಹೋಗಬೇಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ, ಅಂದರೆ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಡುವ ಸಾರಾಂಶದಲ್ಲಿ, ಯಾವ ಪದ ಇದೆಯೋ ಅದನ್ನೇ ಇಳಿಸಿ.

ಹಂತ 4: ತೊಗರಿ ಹೊಲದಲ್ಲಿ ಪರೀಕ್ಷಿಸಿ

ಇದು ಕೃಷಿ ಓದುವವರಿಗೆ. ಎರಡು ಪದದ ಫರಕನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುವುದು ಹೊಲವೇ ಆದ್ದರಿಂದ ಉಳಿದವರೂ ಬೇಕಾದರೆ ಜೊತೆಗೆ ಬನ್ನಿ.

ಕೀಟಶಾಸ್ತ್ರದ ಪುಸ್ತಕದಲ್ಲಿ ಎರಡು ವ್ಯಾಖ್ಯೆ ಇರುತ್ತವೆ. ಕೀಟ ತಿನ್ನುವುದು, ಕೊರೆಯುವುದು, ರಸ ಹೀರುವುದರಿಂದ ಗಿಡದ ಮೈಗೆ ಆಗುವುದು ಇಂಜುರಿ. ಅದರಿಂದ ಇಳುವರಿಯಲ್ಲೋ ಗುಣಮಟ್ಟದಲ್ಲೋ ಅಳೆಯಲು ಸಿಗುವ ಕೊರತೆ ಡ್ಯಾಮೇಜ್. ಹುಡುಗರು ಇದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ಮುಂದಿನ ಪ್ರಶ್ನೆಗೇ ಅದಲುಬದಲು ಮಾಡುತ್ತಾರೆ.

ಒಂದು ತೊಗರಿ ಗಿಡದ ಮುಂದೆ ಕುಳಿತು ನೋಡಿ. ಬಿತ್ತಿ ಒಂದೂವರೆ ತಿಂಗಳಾಗಿದೆ. ಎಲೆಗಳ ಅಂಚು ಹುಳ ಕಡಿದು ಕಚ್ಚು ಕಚ್ಚಾಗಿದೆ. ಇದು ಇಂಜುರಿ, ಸಂಶಯವಿಲ್ಲ. ಆದರೆ ತೊಗರಿ ಗಟ್ಟಿ ಗಿಡ, ಹೊಸ ಎಲೆ ಹೊರಡಿಸುತ್ತದೆ. ಕೊಯ್ಲಿನ ದಿನ ತಕ್ಕಡಿಯಲ್ಲಿ ಈ ಕಚ್ಚಿನ ಗುರುತು ಸಿಗದೇ ಇರಬಹುದು. ಸಿಗದಿದ್ದರೆ ಇಂಜುರಿ ಇದ್ದೂ ಡ್ಯಾಮೇಜ್ ಇಲ್ಲ.

ಅದಕ್ಕಿಂತ ಸ್ವಾರಸ್ಯದ್ದು ಕುಡಿ ಚಿವುಟುವುದು. ನಮ್ಮ ಜಿಲ್ಲೆಯ ರೈತರು ಅದೇ ಹೊತ್ತಿಗೆ ಗಿಡದ ತುದಿಯನ್ನು ಕೈಯಿಂದಲೋ ಯಂತ್ರದಿಂದಲೋ ಕತ್ತರಿಸುತ್ತಾರೆ, ಪಕ್ಕದ ಟೊಂಗೆ ಹೆಚ್ಚು ಒಡೆಯಲಿ ಅಂತ. ಗಿಡದ ಮೈಯನ್ನು ಬೇಕಂತಲೇ ಕತ್ತರಿಸಿದ್ದು ಅದು, ಶುದ್ಧ ಇಂಜುರಿ. ಟೊಂಗೆ ಹೆಚ್ಚಾಗಿ ಕಾಯಿ ಹೆಚ್ಚಾದರೆ ಲುಕ್ಸಾನದ ಜಾಗದಲ್ಲಿ ಫಾಯ್ದೆ. ಪರೀಕ್ಷೆಯಲ್ಲಿ ಇದನ್ನು ಉದಾಹರಣೆ ಕೊಟ್ಟರೆ ವ್ಯಾಖ್ಯೆ ಅರ್ಥವಾಗಿದೆ ಅಂತ ಮೌಲ್ಯಮಾಪಕರಿಗೆ ತಿಳಿಯುತ್ತದೆ.

ಈಗ ಹೂವಿನ ಕಾಲಕ್ಕೆ ಬನ್ನಿ. ತೊಗರಿಯಲ್ಲಿ ಬಿಟ್ಟ ಹೂವೆಲ್ಲ ಕಾಯಿ ಆಗುವುದಿಲ್ಲ, ಬಹುಪಾಲು ತಾನೇ ಉದುರುತ್ತದೆ. ಹುಳ ನಾಲ್ಕು ಹೂವು ತಿಂದರೆ ಹೇಗೂ ಉದುರುತ್ತಿದ್ದ ಹೂವನ್ನೇ ತಿಂದಿರಬಹುದು. ಆದರೆ ಕಾಯಿಯ ಕಾಲದಲ್ಲಿ ಆಟ ಬೇರೆ. ಕಾಯಿಕೊರಕ ಹುಳು, ಪುಸ್ತಕದ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ, ಕಾಯಿಗೆ ದುಂಡನೆಯ ತೂತು ಮಾಡಿ ತಲೆಯನ್ನು ಒಳಗೆ ತೂರಿಸಿ ಮೈಯನ್ನು ಹೊರಗೇ ಬಿಟ್ಟು ಕಾಳು ತಿನ್ನುತ್ತದೆ. ತಿಂದ ಕಾಳನ್ನು ಗಿಡ ಮತ್ತೆ ತುಂಬಿಕೊಡುವುದಿಲ್ಲ. ಇಲ್ಲಿ ತೂತು ಇಂಜುರಿ, ಒಳಗೆ ಇಲ್ಲದ ಕಾಳು ಡ್ಯಾಮೇಜ್. ಒಂದೇ ಕಾಯಲ್ಲಿ ಎರಡನ್ನೂ ಬೆರಳಿಟ್ಟು ತೋರಿಸಬಹುದು.

ಇನ್ನು "ಎಕನಾಮಿಕ್ ಇಂಜುರಿ ಲೆವೆಲ್". ಕ್ಯಾಲಿಫೋರ್ನಿಯಾದ ಸ್ಟರ್ನ್ ಮತ್ತು ಸಂಗಡಿಗರು 1959ರಲ್ಲಿ ಕೊಟ್ಟ ಈ ಪರಿಭಾಷೆಯ ಅರ್ಥ, ಆರ್ಥಿಕ ಡ್ಯಾಮೇಜ್ ಆಗುವುದಕ್ಕೆ ಸಾಕಾಗುವಷ್ಟು ಕೀಟಗಳ ಕನಿಷ್ಠ ಸಂಖ್ಯೆ. ಹೆಸರಿನಲ್ಲಿ ಇಂಜುರಿ, ವ್ಯಾಖ್ಯೆಯಲ್ಲಿ ಡ್ಯಾಮೇಜ್! ಹುಡುಗರು ದಾರಿ ತಪ್ಪುವುದು ಇಲ್ಲಿಯೇ, ಅವರ ತಪ್ಪೂ ಅಲ್ಲ. ಹೀಗೆ ನೆನಪಿಡಿ: ಎಣಿಸುವುದು ಹುಳವನ್ನು, ಅಂದರೆ ಏಟು ಕೊಡುವವರನ್ನು. ಯಾವ ಸಂಖ್ಯೆಗೆ ಬಂದರೆ ಆ ಏಟು ಜೇಬಿಗೆ ತಾಗುತ್ತದೆ ಅನ್ನುವುದೇ ಆ ಮಟ್ಟ.

ಇದರ ಸೂತ್ರದಲ್ಲಿ ಐ ಮತ್ತು ಡಿ ಎರಡೂ ಅಕ್ಷರ ಬೇರೆ ಬೇರೆಯಾಗಿ ಕೂತಿವೆ. ಮೇಲೆ ಸಿ, ಅಂದರೆ ಔಷಧ ಹೊಡೆಯುವ ಖರ್ಚು. ಕೆಳಗೆ ವಿ, ಐ, ಡಿ, ಕೆ ಗುಣಾಕಾರದಲ್ಲಿ. ವಿ ಅಂದರೆ ಬೆಳೆಯ ಬೆಲೆ, ಐ ಅಂದರೆ ಒಂದು ಕೀಟ ಮಾಡುವ ಇಂಜುರಿ, ಡಿ ಅಂದರೆ ಅಷ್ಟು ಇಂಜುರಿಗೆ ಆಗುವ ಡ್ಯಾಮೇಜ್, ಕೆ ಅಂದರೆ ಔಷಧದಿಂದ ತಗ್ಗುವ ಪಾಲು. ಎರಡೂ ಒಂದೇ ಆಗಿದ್ದರೆ ಎರಡು ಅಕ್ಷರದ ಅಗತ್ಯವೇ ಬೀಳುತ್ತಿರಲಿಲ್ಲ.

ಲೆಕ್ಕಕ್ಕೆ ಹಿಡಿದ ಅಂಕಿಯಲ್ಲಿ ನೋಡೋಣ. ಎಕರೆಗೆ ಒಂದು ಸಲ ಔಷಧ ಹೊಡೆಯಲು ಕೂಲಿ ಸೇರಿ 1,200 ರೂಪಾಯಿ ಅಂತಿರಲಿ, ತೊಗರಿ ಕ್ವಿಂಟಲಿಗೆ 7,000 ಅಂತಿರಲಿ. ಕಿಲೋಗೆ 70 ಆಯಿತು. 1,200ನ್ನು 70ರಿಂದ ಭಾಗಿಸಿದರೆ ಸುಮಾರು 17 ಕಿಲೋ. ಅಂದರೆ ಹುಳ ಎಕರೆಗೆ 17 ಕಿಲೋಗಿಂತ ಕಡಿಮೆ ತಿನ್ನುವ ಹಾಗಿದ್ದರೆ, ಔಷಧ ಹೊಡೆದವನಿಗೇ ಲುಕ್ಸಾನ. ಹೊಲದಲ್ಲಿ ಕಚ್ಚಿದ ಎಲೆ ಕಂಡ ಕೂಡಲೇ ಅಂಗಡಿಗೆ ಓಡುವವರು ಇಂಜುರಿ ನೋಡಿ ಡ್ಯಾಮೇಜಿನ ದುಡ್ಡು ಕೊಡುತ್ತಿದ್ದಾರೆ. (ಹುಳದ ಸಂಖ್ಯೆ ಆ ಮಟ್ಟ ಮುಟ್ಟುವ ಮೊದಲೇ ಕೈ ಹಾಕಬೇಕಾದ ಹಂತಕ್ಕೆ "ಎಕನಾಮಿಕ್ ಥ್ರೆಶೋಲ್ಡ್" ಅನ್ನುತ್ತಾರೆ. ಅದು ಯಾವಾಗಲೂ ಕೆಳಗಿರುತ್ತದೆ, ತಡ ಮಾಡಿ ಹೊಡೆದರೆ ಉಪಯೋಗವಿಲ್ಲವಲ್ಲ.)

ಇನ್ನೊಂದು ತಪ್ಪು: ನೆಟೆ ರೋಗಕ್ಕೆ ಇಂಜುರಿ ಅಂತ ಬರೆಯುವುದು. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರದಿಂದ ಗಿಡ ನಿಂತಲ್ಲೇ ಒಣಗುವುದು ರೋಗ, ದಿನದಿನವೂ ಒಳಗೆ ನಡೆಯುವ ಕೆಡುಕು. ಇಂಜುರಿ ಅಂದರೆ ಆಲಿಕಲ್ಲು ಹೊಡೆದ ಹಾಗೆ, ದನ ಮೇಯ್ದ ಹಾಗೆ, ಬಂದು ಹೋಗುವ ಏಟು. ಸಸ್ಯರೋಗಶಾಸ್ತ್ರದ ಮೊದಲ ಪಾಠದಲ್ಲೇ ಈ ಭೇದ ಇರುತ್ತದೆ. ಆದರೆ ನೆಟೆಯಿಂದ ಆದ ನಷ್ಟವನ್ನು ಡ್ಯಾಮೇಜ್ ಅನ್ನಬಹುದು, ಲಾಸ್ ಅಂದರೆ ಇನ್ನೂ ಚೆಂದ.

ಫಸಲ್ ಬಿಮಾ, ಅಂದರೆ ಬೆಳೆ ವಿಮೆಯ, ಅರ್ಜಿ ತುಂಬುವ ರೈತರೇ, ನಿಮಗೆ ಈ ಸೂತ್ರ ಬೇಡ. "ಕ್ರಾಪ್ ವಾಸ್ ಡ್ಯಾಮೇಜ್ಡ್ ಬೈ ಹೇಲ್" ಅಂತ ಬರೆಯಿರಿ, ಹೇಲ್ ಅಂದರೆ ಆಲಿಕಲ್ಲು. ಪದಕ್ಕಿಂತ ಗಡಿಯಾರ ಮುಖ್ಯ: ಆಲಿಕಲ್ಲು, ಹೊಲಕ್ಕೆ ನೀರು ನುಗ್ಗುವುದು ಇಂಥ ಸ್ಥಳೀಯ ವಿಕೋಪವಾದರೆ 72 ಗಂಟೆಯೊಳಗೆ ತಿಳಿಸಬೇಕು.

ಹಂತ 5: ವಾಕ್ಯ ಕಟ್ಟುವಾಗ

ಇದು ಚಿಕ್ಕ ಹಂತ, ಆದರೆ ಪೊಲೀಸ್ ದೂರಿನಲ್ಲಿ ದುಬಾರಿ ಬೀಳುತ್ತದೆ.

ಕನ್ನಡದಲ್ಲಿ "ತಮ್ಮನಿಗೆ ಪೆಟ್ಟಾಯಿತು". ಇದನ್ನು ಇಂಗ್ಲಿಷಿಗೆ ಎಳೆಯುವಾಗ "ಮೈ ಬ್ರದರ್ ಇಂಜುರ್ಡ್" ಅಂತ ನಿಲ್ಲಿಸುತ್ತಾರೆ. ಕೇಳಿದವರಿಗೆ ತಮ್ಮ ಯಾರಿಗೋ ಪೆಟ್ಟು ಕೊಟ್ಟ ಹಾಗೆ ಕೇಳುತ್ತದೆ. ಮುಂದೆ ಯಾರ ಹೆಸರು ಬರುತ್ತದೋ ಅವನಿಗೆ ಹೊಡೆದ ಹಾಗೆ. ನಡುವೆ "ವಾಸ್" ಬೇಕೇ ಬೇಕು: "ಮೈ ಬ್ರದರ್ ವಾಸ್ ಇಂಜುರ್ಡ್." ಆ ಮೂರಕ್ಷರ ಬಿಟ್ಟರೆ ದೂರುದಾರನೇ ಆರೋಪಿಯಾಗುತ್ತಾನೆ.

ಇಂಜುರಿ ಹೆಸರು, ಇಂಜುರ್ ಕ್ರಿಯೆ, ರೂಪ ಬೇರೆ. ಡ್ಯಾಮೇಜ್ ಮಾತ್ರ ಹೆಸರಿಗೂ ಕ್ರಿಯೆಗೂ ಅದೇ. ಎರಡರ ಮುಂದೆಯೂ "ಟು" ಹಾಕಿ: "ಇಂಜುರಿ ಟು ದಿ ನೀ", "ಡ್ಯಾಮೇಜ್ ಟು ದಿ ಡೋರ್".

ಎಣಿಕೆಯಲ್ಲಿ ಎರಡೂ ಪೂರ್ತಿ ಬೇರೆ. ಗಾಯಗಳನ್ನು ಎಣಿಸಬಹುದು, "ತ್ರೀ ಇಂಜುರೀಸ್" ಸರಿ. ಡ್ಯಾಮೇಜನ್ನು ನೀರು, ಹಿಟ್ಟಿನ ಹಾಗೆ ಎಣಿಸುವಂತಿಲ್ಲ. ಮೂರು ಕಡೆ ಕಾರು ನೆಗ್ಗಿದ್ದರೆ "ಡ್ಯಾಮೇಜ್ ಅಟ್ ತ್ರೀ ಪ್ಲೇಸಸ್" ಅನ್ನಿ.

ಹಾಗಾದರೆ ಕೊನೆಗೆ ಎಸ್ ಹಚ್ಚಿದ "ಡ್ಯಾಮೇಜಸ್"? ಅದು ಬೇರೆಯೇ ಪದ ಅಂತ ತಿಳಿಯಿರಿ. ಕೋರ್ಟು ಕೊಡಿಸುವ ಪರಿಹಾರದ ಹಣಕ್ಕೆ ಆ ಹೆಸರು. ಮಳೆಗೆ ಗೋಡೆ ಬಿದ್ದವರ ಅರ್ಜಿಯಲ್ಲಿ "ಹೆವಿ ಡ್ಯಾಮೇಜಸ್ ಟು ದಿ ಹೌಸ್" ಅಂತ ಬರೆದಿರುವುದನ್ನು ವಾರಕ್ಕೊಂದಾದರೂ ನೋಡುತ್ತೇನೆ. ಆ ಎಸ್ ಹೊಡೆದುಹಾಕಿ. ಇದರಲ್ಲಿ ತಪ್ಪುವವರು ನಾವೊಬ್ಬರೇ ಅಂತ ನಾಚಿಕೊಳ್ಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 165ರಲ್ಲೇ ಜನರಿಗೆ "ಬಾಡಿಲಿ ಇಂಜುರಿ", ಮೂರನೆಯವರ ಆಸ್ತಿಗೆ "ಡ್ಯಾಮೇಜಸ್" ಅಂತ ಅಚ್ಚಾಗಿದೆ. ಕಾಯ್ದೆ ಬರೆದವರಿಗೆ ನಡೆಯುತ್ತದೆ. ನಿಮ್ಮ ಅರ್ಜಿಗೆ ನಡೆಯುವುದಿಲ್ಲ.

ಹಂತ 6: ವೂಂಡ್ ಸರ್ಟಿಫಿಕೇಟ್ ಓದುವುದು

ಹೊಡೆದಾಟ, ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದರೆ ಅದನ್ನು ಎಂಎಲ್‌ಸಿ ಅಂತ ದಾಖಲಿಸುತ್ತಾರೆ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ. ಆಮೇಲೆ ವೈದ್ಯಾಧಿಕಾರಿ ಕೊಡುವುದು ವೂಂಡ್ ಸರ್ಟಿಫಿಕೇಟ್. ವೂಂಡ್ ಅಂದರೆ ಸಾಮಾನ್ಯವಾಗಿ ಚರ್ಮ ಬಿರಿದ ಗಾಯ. ಚರ್ಮ ಬಿರಿಯದೆ ಎಲುಬು ಮುರಿದರೆ ಅದು ಇಂಜುರಿ, ಆಡುಮಾತಿನ ವೂಂಡ್ ಅಲ್ಲ. ಕಾಗದದ ಹೆಸರು ಏನೇ ಇರಲಿ, ಒಳಗೆ ಎಲ್ಲ ಇಂಜುರಿಗಳನ್ನೂ ಬರೆದಿರುತ್ತಾರೆ. ಪದೇ ಪದೇ ಕಾಣುವ ಪದಗಳು: ಅಬ್ರೇಷನ್ ಅಂದರೆ ತರಚಿದ್ದು, ಕಂಟ್ಯೂಷನ್ ಅಂದರೆ ಕಂದುಗಟ್ಟಿದ ಒಳಪೆಟ್ಟು, ಲ್ಯಾಸರೇಷನ್ ಅಂದರೆ ಹರಿದ ಗಾಯ, ಇನ್‌ಸೈಸ್ಡ್ ಅಂದರೆ ಹರಿತವಾದದ್ದರಿಂದ ಕೊಯ್ದದ್ದು.

ಕೊನೆಯಲ್ಲಿ "ಸಿಂಪಲ್" ಅಥವಾ "ಗ್ರೀವಿಯಸ್" ಅಂತ ಇರುತ್ತದೆ. ಗ್ರೀವಿಯಸ್ ಅನ್ನುವುದು ನೋವಿನ ಜೋರಿನ ಮೇಲೆ ಅಂದಾಜಿಗೆ ಬರೆಯುವ ಪದವಲ್ಲ, ಕಾನೂನಿನಲ್ಲಿ ಪಟ್ಟಿ ಇದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 116ರ ಪ್ರಕಾರ ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಒಂದು ಹಲ್ಲು ಮುರಿದರೂ ಗ್ರೀವಿಯಸ್. 15 ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ದಿನದ ಕೆಲಸ ಮಾಡಲಾಗದಿದ್ದರೂ ಗ್ರೀವಿಯಸ್. ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನ ಇತ್ತು. ಹೊಸದು ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ; ಅದಕ್ಕಿಂತ ಮುಂಚಿನ ಘಟನೆಯಾದರೆ ಹಳೆಯ ಲೆಕ್ಕ. ಹಳೆಯ ನೋಟ್ಸಿನಿಂದ ಓದುವವರು ಈ ಅಂಕಿ ತಿದ್ದಿಕೊಳ್ಳಿ.

ಹೊಡೆದಾಟದಲ್ಲಿ ಅಂಗಡಿಯ ಗಾಜೂ ಒಡೆದಿದ್ದರೆ ಅದು ವೂಂಡ್ ಸರ್ಟಿಫಿಕೇಟಿಗೆ ಸೇರುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಆಸ್ತಿ ಕೆಡಿಸಿದ್ದಕ್ಕೆ "ಮಿಸ್ಚೀಫ್" ಅನ್ನುವ ಅಪರಾಧ ಬೇರೆ ಇದೆ, ಕಲಂ 324. ದೂರಿನಲ್ಲಿ ಎರಡನ್ನೂ ಬೇರೆ ಬೇರೆ ಪ್ಯಾರಾ ಮಾಡಿ ಬರೆಯಿರಿ.

ಹಂತ 7: ಕಾನೂನು ಓದುವವರಿಗೆ

ಇಷ್ಟು ಹೊತ್ತು ಕಟ್ಟಿದ್ದನ್ನು ಕಾನೂನು ಅಲುಗಾಡಿಸುತ್ತದೆ, ಗಾಬರಿ ಬೇಡ. ಭಾರತೀಯ ನ್ಯಾಯ ಸಂಹಿತೆಯ ಕಲಂ 2(14) ಪ್ರಕಾರ ಇಂಜುರಿ ಅಂದರೆ ಯಾವುದೇ ವ್ಯಕ್ತಿಗೆ ಕಾನೂನುಬಾಹಿರವಾಗಿ ಆದ ಕೆಡುಕು. ಅದು ದೇಹಕ್ಕಾಗಿರಬಹುದು, ಮನಸ್ಸಿಗೆ, ಮರ್ಯಾದೆಗೆ, ಆಸ್ತಿಗೂ ಆಗಿರಬಹುದು. ಆಸ್ತಿಗೂ ಇಂಜುರಿಯೇ ಅಂತ ಹುಡುಗರು ಕಣ್ಣು ಅಗಲಿಸುತ್ತಾರೆ. "ವ್ಯಕ್ತಿಗೆ" ಅನ್ನುವ ಪದದ ಕೆಳಗೆ ಗೆರೆ ಎಳೆಯಿರಿ. ಕಲ್ಲು ತೂರಿದವನಿಂದ ಕಾರಿಗೆ ಡ್ಯಾಮೇಜ್, ಕಾರಿನ ಧಣಿಗೆ ಇಂಜುರಿ. ಮೂರನೇ ಹಂತದಲ್ಲಿ ನೋಡಿದ ಹಳೆಯ ಅರ್ಥ, ಅನ್ಯಾಯದ ಏಟು, ಇಲ್ಲಿ ಇನ್ನೂ ಉಸಿರಾಡುತ್ತಿದೆ.

ಟಾರ್ಟ್ಸ್ ವಿಷಯದಲ್ಲಿ, ಅಂದರೆ ಕರಾರಿಲ್ಲದೆಯೂ ಪರಿಹಾರ ಕೇಳಬಹುದಾದ ನಾಗರಿಕ ತಪ್ಪುಗಳ ಕಾನೂನಿನಲ್ಲಿ, ಎರಡು ಲ್ಯಾಟಿನ್ ಸಾಲು ಬರುತ್ತವೆ.

ಒಂದು, ಇಂಜೂರಿಯಾ ಸೈನೆ ಡ್ಯಾಮ್ನೋ: ನಷ್ಟವಿಲ್ಲದ ಇಂಜುರಿ. ರಾಶಿ ಮುಗಿದು ಖಾಲಿ ಬಿದ್ದ ನಿಮ್ಮ ಹೊಲದಲ್ಲಿ ಪಕ್ಕದವರು ಕೇಳದೆ ಟ್ರ್ಯಾಕ್ಟರ್ ದಾಟಿಸಿದರು. ಒಂದು ಕಾಳೂ ಹಾಳಾಗಲಿಲ್ಲ, ಆದರೂ ನಿಮ್ಮ ಹಕ್ಕು ಮುರಿಯಿತು, ದಾವೆ ಹೂಡಬಹುದು. ಇದಕ್ಕೆ ಕೊಡುವ ಹಳೆಯ ತೀರ್ಪು ಆಶ್ಬಿ ವರ್ಸಸ್ ವೈಟ್, 1703. ಮತದಾರನಿಗೆ ಅಧಿಕಾರಿ ಮತ ಹಾಕಲು ಬಿಡಲಿಲ್ಲ. ಅವನು ಬಯಸಿದ ಅಭ್ಯರ್ಥಿ ಹೇಗೂ ಗೆದ್ದಿದ್ದ. ನಷ್ಟ ಏನೂ ಇಲ್ಲ, ಆದರೂ ಮತದಾರನಿಗೆ ಗೆಲುವು. ನಮ್ಮ ದೇಶದ ಉದಾಹರಣೆ ಬೇಕಾದರೆ ಭೀಮ್ ಸಿಂಗ್ ಪ್ರಕರಣ, 1985: ವಿಧಾನಸಭೆಯ ಅಧಿವೇಶನಕ್ಕೆ ಹೊರಟ ಜಮ್ಮು-ಕಾಶ್ಮೀರದ ಶಾಸಕರನ್ನು ಕಾನೂನುಬಾಹಿರವಾಗಿ ಹಿಡಿದಿಟ್ಟದ್ದಕ್ಕೆ ಸುಪ್ರೀಂ ಕೋರ್ಟು 50,000 ರೂಪಾಯಿ ಕೊಡಿಸಿತು.

ಎರಡು, ಡ್ಯಾಮ್ನಮ್ ಸೈನೆ ಇಂಜೂರಿಯಾ: ಇಂಜುರಿ ಇಲ್ಲದ ನಷ್ಟ. ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ನಿಮ್ಮ ಮಿರ್ಚಿ ಭಜಿ ಬಂಡಿ ಚೆನ್ನಾಗಿ ನಡೆದಿದೆ. ಪಕ್ಕಕ್ಕೆ ಇನ್ನೊಬ್ಬ ಬಂಡಿ ಹಚ್ಚಿ ಪ್ಲೇಟಿಗೆ ಐದು ರೂಪಾಯಿ ಕಡಿಮೆ ಮಾಡಿದ. ನಿಮ್ಮ ಗಿರಾಕಿ ಅತ್ತ ಹೋದರು. ಲುಕ್ಸಾನ ಕಣ್ಣೆದುರಿಗೇ ಇದೆ, ಆದರೆ ನ್ಯಾಯವಾಗಿ ವ್ಯಾಪಾರ ಮಾಡುವ ಹಕ್ಕು ಅವನಿಗೂ ಇದೆ, ದಾವೆ ನಿಲ್ಲುವುದಿಲ್ಲ. 1410ರ ಗ್ಲೌಸ್ಟರ್ ಶಾಲೆಯ ಪ್ರಕರಣ ಇಂಥದ್ದೇ. ಎದುರಿಗೆ ಹೊಸ ಶಾಲೆ ತೆರೆದು ಹಳೆಯವರು 40 ಪೆನ್ಸಿನ ಫೀಸನ್ನು 12ಕ್ಕೆ ಇಳಿಸಬೇಕಾಯಿತು, ಆದರೂ ಪರಿಹಾರ ಸಿಗಲಿಲ್ಲ.

ಯಾವ ಸಾಲು ಯಾವುದು ಅಂತ ಮರೆತರೆ ಹೀಗೆ ಮಾಡಿ: ಸೈನೆ ಅಂದರೆ "ಇಲ್ಲದೆ". ಅದರ ಮುಂದೆ ಬಂದದ್ದು ಇಲ್ಲದ್ದು, ಹಿಂದೆ ಇರುವುದು ಆದದ್ದು. ತೊಗರಿಯ ಕುಡಿ ಚಿವುಟಿದ್ದು ಮೊದಲನೆಯ ಸಾಲಿನ ಹಾಗೆ ಅಂತ ನನ್ನ ಒಬ್ಬ ವಿದ್ಯಾರ್ಥಿ ಹೇಳಿದ. ಗಿಡಕ್ಕೆ ಹಕ್ಕು ಇದೆಯೇ ಅಂತ ಪಕ್ಕದವನು ಕೇಳಿದ. ಅವತ್ತಿನ ಪಾಠ ಅಲ್ಲಿಗೇ ನಿಂತಿತು.

ನಮ್ಮದೇ ಜಿಲ್ಲೆಯ ಮರತೂರಿನ ಜೊತೆ ಹೆಸರು ಸೇರಿಕೊಂಡಿರುವ ವಿಜ್ಞಾನೇಶ್ವರ, ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ. ಆ ಸ್ಮೃತಿಯಲ್ಲಿ ಬೈಗುಳಕ್ಕೆ ವಾಕ್ಪಾರುಷ್ಯ ಅಂತ ಒಂದು ಪ್ರಕರಣ, ಹೊಡೆತಕ್ಕೆ ದಂಡಪಾರುಷ್ಯ ಅಂತ ಇನ್ನೊಂದು. ಮನುಷ್ಯನಿಗೆ ಹೊಡೆದದ್ದು, ಇನ್ನೊಬ್ಬರ ಗೋಡೆ ಒಡೆದದ್ದು, ಮರ ಕಡಿದದ್ದು ಎಲ್ಲ ದಂಡಪಾರುಷ್ಯದ ಅಡಿಯಲ್ಲೇ ಬರುತ್ತವೆ. ಕಲಂ 2(14) ದೇಹವನ್ನೂ ಆಸ್ತಿಯನ್ನೂ ಒಂದೇ ಉಸಿರಿಗೆ ಹೇಳುವಾಗ ನನಗೆ ಇದೇ ನೆನಪಾಗುತ್ತದೆ. ಪರೀಕ್ಷೆಗೆ ಇದು ಬೇಡ.

ಹಂತ 8: ಅರ್ಜಿಯ ಮೇಲೆ ಕೊನೆಯ ಕಣ್ಣಾಡಿಸುವಿಕೆ

ಈಗ ಪೆನ್ಸಿಲ್ ಗುರುತುಗಳ ಮೇಲೆ ಪೆನ್ನು ಓಡಿಸಿ. "ನೇಚರ್ ಆಫ್ ಇಂಜುರಿ" ಅನ್ನುವ ಕಾಲಮ್ಮಿಗೆ ವೂಂಡ್ ಸರ್ಟಿಫಿಕೇಟಿನ ಪದಗಳನ್ನು ಇದ್ದಂತೆ ಇಳಿಸಿ, ಅಲ್ಲಿ ರೂಪಾಯಿ ಅಂಕಿ ಬರೆಯಬೇಡಿ. "ಎಸ್ಟಿಮೇಟೆಡ್ ಡ್ಯಾಮೇಜ್" ಅನ್ನುವಲ್ಲಿ ಗ್ಯಾರೇಜಿನವರು ಕೊಟ್ಟ ಖರ್ಚಿನ ಅಂದಾಜು ಬರೆದು ಆ ಚೀಟಿ ಲಗತ್ತಿಸಿ. ವಿಮಾ ಪಾಲಿಸಿಯಲ್ಲಿ "ಓನ್ ಡ್ಯಾಮೇಜ್" ಅಂದರೆ ನಿಮ್ಮ ಸ್ವಂತ ಗಾಡಿಯ ರಿಪೇರಿ ಮಾತ್ರ. ನಿಮ್ಮ ಕಾಲಿನ ಆಸ್ಪತ್ರೆ ಬಿಲ್ಲನ್ನು ಅದರ ಕೆಳಗೆ ಸೇರಿಸಿದರೆ ಆ ಬಿಲ್ಲಿಗೆ ಹಣ ಬರುವುದಿಲ್ಲ. ಸವಾರನ ಮೈಗೆ ಬೇರೆ ಭಾಗ ಇರುತ್ತದೆ, ಪಾಲಿಸಿಯಲ್ಲಿ "ಪರ್ಸನಲ್ ಆಕ್ಸಿಡೆಂಟ್" ಅಂತ ಹುಡುಕಿ.

ಎರಡರಲ್ಲಿ ಒಂದೇ ಆಗಿದ್ದರೆ ಇನ್ನೊಂದು ಕಾಲಮ್ ಖಾಲಿ ಬಿಡಬೇಡಿ. "ನಿಲ್" ಅಂತ ಬರೆಯಿರಿ. ಖಾಲಿ ಬಿಟ್ಟ ಜಾಗಕ್ಕೆ ಆಮೇಲೆ ಯಾರು ಏನು ಬರೆದರು ಅಂತ ಸಾಬೀತು ಮಾಡುವುದು ಕಷ್ಟ. ಸಹಿ ಹಾಕುವ ಮುಂಚೆ ಡ್ಯಾಮೇಜ್ ಪದದ ಬಾಲಕ್ಕೆ ಎಸ್ ಅಂಟಿಕೊಂಡಿದೆಯೇ ನೋಡಿ, ಆಮೇಲೆ ಎರಡು ಪ್ರತಿ ಜೆರಾಕ್ಸ್ ಮಾಡಿಸಿ ಒಂದರ ಮೇಲೆ ಕಚೇರಿಯ ಸ್ವೀಕೃತಿ ಸೀಲು ಹಾಕಿಸಿಕೊಂಡು ಮನೆಯಲ್ಲಿಡಿ.